ವುಝೂ ಮಾಡಿದ ಒದ್ದೆ ಕೈ ಮತ್ತು ಸ್ವಿಚ್

ಒಣ ಉಪ್ಪಿನಲ್ಲಿ ಕರೆಂಟು ಹರಿಯುವುದಿಲ್ಲ. ಸೋಡಿಯಂ ತನ್ನ ಒಂದು ಇಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟು ಧನ ಅಯಾನು ಆಗುತ್ತದೆ, ಪಡೆದ ಕ್ಲೋರಿನ್ ಋಣ ಅಯಾನು. ಇವೆರಡರ ಸೆಳೆತವೇ ಅಯಾನಿಕ ಬಂಧ. ಹರಳಿನಲ್ಲಿ ಅವು ಜಾಗ ಬಿಟ್ಟು ಕದಲವು. ನೀರು ಅವನ್ನು ಬಿಡಿಸುತ್ತದೆ. ಬಿಡಿಯಾದ ಅಯಾನುಗಳು ಚಲಿಸಿ ಕರೆಂಟನ್ನು ಒಯ್ಯುತ್ತವೆ.

ಬೀಳಗಿಯ ನಮ್ಮ ಬೋರ್‌ವೆಲ್ ನೀರಿನಲ್ಲಿ ಲವಣಗಳು ಕರಗಿವೆ. ನೀರು ಕಾಯಿಸುವ ಪಾತ್ರೆಯ ಬಿಳಿ ಪದರವೇ ಸಾಕ್ಷಿ. ಬೆವರಿನಲ್ಲೂ ಉಪ್ಪಿದೆ. ಒಣ ಚರ್ಮದಷ್ಟು ಒದ್ದೆ ಚರ್ಮ ಕರೆಂಟನ್ನು ತಡೆಯದು. ಹೃದಯದ ಬಡಿತವೂ ಅಯಾನುಗಳಿಂದಲೇ ನಡೆಯುತ್ತದೆ. ಹೊರಗಿನ ಕರೆಂಟು ಆ ಲಯ ಕೆಡಿಸಿದರೆ ಪ್ರಾಣಕ್ಕೇ ಅಪಾಯ.

ಆದ್ದರಿಂದ ವುಝೂ ಬಳಿಕ ಕೈ ಒರೆಸಿಕೊಂಡೇ ಸ್ವಿಚ್ ಮುಟ್ಟಿ. ಹೀಟರ್ ರಾಡ್‌ನ ಪ್ಲಗ್ ಕಿತ್ತ ನಂತರವೇ ಬಕೆಟ್ ನೀರಿಗೆ ಕೈ ಹಾಕಿ. ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಅವರನ್ನು ಮುಟ್ಟಿ.