ತೊಟ್ಟಿಲು ತೂಗುವ ರಜೆ ಯಾರಿಗೆ?

ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಮನೆಯೊಳಗಿಂದಲೇ ಕೇಳಿಬರುತ್ತದೆ. ಮಗ್ಗದ ಮುಂದೆ ಗಂಡಸು ನಿಂತರೂ ಕಂಡಿಕೆ ಸುತ್ತುವವಳು ಸಾಮಾನ್ಯವಾಗಿ ಹೆಂಗಸು. ಕೂಲಿಗೆ ಸುತ್ತುವವಳಿಗೆ ಕೈ ನಿಂತ ದಿನ ಕೂಲಿಯೂ ನಿಲ್ಲುತ್ತದೆ. ಸ್ವಂತ ಮನೆಯ ಮಗ್ಗಕ್ಕೆ ಸುತ್ತುವವಳಿಗಂತೂ ಕೂಲಿಯೇ ಇಲ್ಲ. ಅದೂ ಮನೆಗೆಲಸದ ಲೆಕ್ಕಕ್ಕೆ ಸೇರಿಹೋಗುತ್ತದೆ. ಇಂಥವಳು ಬಾಣಂತಿಯಾದರೆ ರಜೆ ಕೊಡುವವರು ಯಾರು?

ಕಾನೂನು ಇಲ್ಲವೆಂದಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಅದನ್ನು 26 ವಾರಗಳಿಗೆ ಏರಿಸಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಆದರೆ ಈ ರಜೆ ಕಾರ್ಖಾನೆ, ಗಣಿ, ತೋಟ ಹಾಗೂ ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿ-ಸಂಸ್ಥೆಗಳಿಗೆ. ನಾಲ್ಕು ಮಗ್ಗದ ಮನೆ ಅದರ ಹೊರಗೇ ಉಳಿಯುತ್ತದೆ. ಅಲ್ಲಿನ ತಾಯಿಗೆ ಸಿಗಬಹುದಾದದ್ದು ಮಾತೃವಂದನಾ ಯೋಜನೆಯ ನೆರವು: ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000.

ಕಾನೂನಿನ ಒಳಗಿರುವವರ ಪಾಡೂ ಸುಖದ್ದಲ್ಲ. ಇಎಸ್‌ಐ ಇಲ್ಲದ ಕಡೆ ರಜೆಯ ಸಂಬಳವನ್ನು ಮಾಲೀಕನೇ ಭರಿಸಬೇಕು. ಹೀಗಾಗಿ ಹೊಸದಾಗಿ ಮದುವೆಯಾದವಳು ಕೆಲಸ ಕೇಳಿ ಬಂದರೆ ಅವಳ ಅರ್ಹತೆಗಿಂತ ಮೊದಲು ಹೆರಿಗೆಯ ಖರ್ಚನ್ನು ಲೆಕ್ಕ ಹಾಕುವವರಿದ್ದಾರೆ. ಗಂಡಸಿನ ಬಗ್ಗೆ ಇಂಥ ಲೆಕ್ಕವೇ ಏಳುವುದಿಲ್ಲ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನಗಳ ಪಿತೃತ್ವ ರಜೆಯಿದೆ. ಖಾಸಗಿ ನೌಕರನಿಗೆ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ.

ನಮ್ಮ ಸಂಪ್ರದಾಯವೂ ಇದಕ್ಕೆ ಒತ್ತಾಸೆಯಾಗಿದೆ. ಚೊಚ್ಚಲ ಬಾಣಂತನ ತವರಿನಲ್ಲಿ. ಮಗುವಿಗೆ ಎಣ್ಣೆ ಹಚ್ಚಿ ಎರೆಯುವವಳು ಅಜ್ಜಿ. ತಂದೆಯಾದವನು ತೊಟ್ಟಿಲ ಶಾಸ್ತ್ರಕ್ಕೆ ಬಂದು ಹೋಗುವ ಅತಿಥಿ!

ಸ್ವೀಡನ್ 1974ರಲ್ಲಿಯೇ ತಾಯಿಯ ರಜೆಯನ್ನು ತಂದೆತಾಯಿ ಹಂಚಿಕೊಳ್ಳುವ ರಜೆಯಾಗಿ ಬದಲಿಸಿತು. ಆದರೂ ರಜೆ ಹಾಕಿದವರಲ್ಲಿ ಹೆಚ್ಚಿನವರು ತಾಯಂದಿರೇ. ಆದ್ದರಿಂದ 1995ರಲ್ಲಿ ಒಂದು ತಿಂಗಳನ್ನು ತಂದೆಗೂ ಮೀಸಲಿಟ್ಟರು. ಅವನು ಬಳಸದಿದ್ದರೆ ಆ ತಿಂಗಳು ನಷ್ಟ. ಆ ಮೀಸಲು ಈಗ 90 ದಿನಗಳಷ್ಟಾಗಿದೆ. ಭತ್ಯೆ ಬರುವುದು ಸಾಮಾಜಿಕ ವಿಮೆಯಿಂದ, ಒಬ್ಬ ಮಾಲೀಕನ ಕಿಸೆಯಿಂದಲ್ಲ.

ನಮಗೂ ಬೇಕಾದದ್ದು ಈ ಎರಡೇ: ರಜೆಯಲ್ಲಿ ತಂದೆಗೆ ಪಾಲು, ವೆಚ್ಚದಲ್ಲಿ ಸಮಾಜಕ್ಕೆ ಪಾಲು. ಅಸಂಘಟಿತ ಕಾರ್ಮಿಕರಿಗೆ ಹೆರಿಗೆ ಸೌಲಭ್ಯದ ಯೋಜನೆ ರೂಪಿಸಲು ಹೊಸ ಸಂಹಿತೆಯಲ್ಲಿ ಅವಕಾಶವಿದೆ. ಕಂಡಿಕೆ ಸುತ್ತುವವಳನ್ನೂ ದುಡಿಯುವವಳೆಂದು ಒಪ್ಪಿಕೊಂಡು ಆ ಕೆಲಸ ಆರಂಭವಾಗಲಿ.