ಒಂದು ಸುಳ್ಳು, ನೂರು ಲೆಕ್ಕ: ಕನ್ನಡದ ವಿಜ್ಞಾನ ಕಥೆ, ಅದ್ಭುತ ಕಥೆ

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯಿತು. ಆಗ ಅದರ ಮೇಲೆ ಕಣ್ಣಿಟ್ಟು ಕೂತಿದ್ದ ನಿಯಂತ್ರಣ ಕೊಠಡಿ ಇರುವುದು ಪೀಣ್ಯದಲ್ಲಿ, ಇಸ್ರೋದ ಇಸ್ಟ್ರಾಕ್ ಕೇಂದ್ರದಲ್ಲಿ. ರಾಜಗೋಪಾಲನಗರದ ಲೇತ್ ಶೆಡ್ಡುಗಳಿಗೂ ಗಾರ್ಮೆಂಟ್ಸ್ ಘಟಕಗಳಿಗೂ ಅದು ನೆರೆಮನೆ. ಹೀಗಿದ್ದೂ ಈ ಬಡಾವಣೆಯ ಓದುವ ಹುಡುಗರ ಜೊತೆ ಕೂತಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: "ಸಾರ್, ಕನ್ನಡದಲ್ಲಿ ಸೈ-ಫೈ ಬರೆದೋರು ಇದಾರಾ?"

ಇದ್ದಾರೆ. ಹಿಂದಿನಿಂದಲೂ ಇದ್ದಾರೆ. ನನ್ನ ಮೆಚ್ಚಿನವರನ್ನು ಈ ಅಧ್ಯಾಯದಲ್ಲಿ ಪರಿಚಯಿಸುತ್ತೇನೆ. ಹೆಸರಿನ ಪಟ್ಟಿ ಕೊಟ್ಟು ಮುಗಿಸುವುದು ಸುಲಭ. ಆದರೆ ಇಂಥ ಕಥೆ ಹೇಗೆ ಕೆಲಸ ಮಾಡುತ್ತದೆಂದು ಗೊತ್ತಾಗದಿದ್ದರೆ ಪಟ್ಟಿಯಿಂದ ಪ್ರಯೋಜನವಿಲ್ಲ.

ಎರಡು ಮಾತಿನಲ್ಲಿ ವ್ಯಾಖ್ಯೆ

ಇಂದು ಇಲ್ಲದ, ಆದರೆ ವಿಜ್ಞಾನದ ದಾರಿಯಲ್ಲಿ ನಡೆದರೆ ಮುಂದೊಮ್ಮೆ ಆಗಬಹುದಾದ ಸಂಗತಿಯ ಮೇಲೆ ನಿಂತದ್ದು ವಿಜ್ಞಾನ ಕಥೆ. ಎಂದಿಗೂ ಆಗಲಾರದ ಸಂಗತಿಯನ್ನು ತನ್ನ ಲೋಕದಲ್ಲಿ ಸಹಜವೆಂದು ಒಪ್ಪಿಕೊಂಡು ಹೊರಡುವುದು ಅದ್ಭುತ ಕಥೆ, ಅಂದರೆ ಫ್ಯಾಂಟಸಿ. ಕೆಲವು ಕೃತಿಗಳು ಎರಡಕ್ಕೂ ಸೇರುತ್ತವೆ. ಅದರ ಬಗ್ಗೆ ಜಗಳ ಬೇಡ, ಮುಂದೆ ಹೋಗೋಣ.

ಎಡವುವ ಜಾಗ: "ಕಲ್ಪನೆ ಅಂದ ಮೇಲೆ ಏನು ಬೇಕಾದರೂ ಆಗಬಹುದಲ್ಲ?"

ಆಗುವುದಿಲ್ಲ. ಹೊಸ ಓದುಗರು, ಹೊಸ ಬರಹಗಾರರು ಎಡವುವುದು ಇಲ್ಲಿಯೇ. ಇಂಗ್ಲೆಂಡಿನ ಎಚ್.ಜಿ. ವೆಲ್ಸ್ ಈ ಬಗೆಯ ಕಥೆಗೆ ತನಗೆ ತಾನೇ ಒಂದು ಕಟ್ಟು ಹಾಕಿಕೊಂಡಿದ್ದ. ಕಥೆಗೆ ಅಸಾಧ್ಯವಾದ ಸಂಗತಿ ಒಂದೇ ಇರಬೇಕು, ಉಳಿದದ್ದೆಲ್ಲ ನಾವು ಬಲ್ಲ ಬದುಕಿನಂತೆಯೇ ನಡೆಯಬೇಕು. ಪೀಣ್ಯದಲ್ಲಿ ಮೆಷಿನ್ ಮೇಲೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ರಾಯಿಂಗ್‌ನಲ್ಲಿ ಒಂದು ಅಳತೆ ಬದಲಾಯಿಸಿದಿರೋ, ಅದಕ್ಕೆ ಕೂಡುವ ಪ್ರತಿಯೊಂದು ಭಾಗದ ಅಳತೆಯನ್ನೂ ಮತ್ತೆ ಲೆಕ್ಕ ಹಾಕಬೇಕು. ಇಲ್ಲವಾದರೆ ಜೋಡಣೆ ಕೂಡುವುದಿಲ್ಲ.

ಈ ಕಟ್ಟನ್ನು ವೆಲ್ಸ್‌ನಿಂದ ಕಲಿಯುವ ಅಗತ್ಯ ನಮ್ಮ ಅಜ್ಜಿಯರಿಗೆ ಇರಲಿಲ್ಲ. ಎ.ಕೆ. ರಾಮಾನುಜನ್ ಕನ್ನಡ ನಾಡಿನಿಂದ ಸಂಗ್ರಹಿಸಿದ ಜನಪದ ಕಥೆಗಳಲ್ಲಿ ಹೂವಿನ ಮರವಾಗುವ ಹುಡುಗಿಯ ಕಥೆಯಿದೆ. ಗಿರೀಶ ಕಾರ್ನಾಡರು 1992ರಲ್ಲಿ ಅದನ್ನೇ ಆಧರಿಸಿ 'ಚೆಲುವಿ' ಎಂಬ ಹಿಂದಿ ಚಿತ್ರ ಮಾಡಿದರು. ಆ ಕಥೆಯ ಅಸಾಧ್ಯ ಸಂಗತಿ ಒಂದೇ: ಹುಡುಗಿ ಮರವಾಗುತ್ತಾಳೆ. ಆದರೆ ಅದಕ್ಕಿರುವ ಶರತ್ತುಗಳನ್ನು ನೋಡಿ. ಉಗುರು ತಾಗದ ಎರಡು ಕೊಡ ನೀರು ಬೇಕು. ಒಂದು ಕೊಡ ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ನಡುವೆ ಹೂ ಬಿಡಿಸುವವರು ಚಿಗುರು, ಎಲೆ, ಕೊಂಬೆಗೆ ನೋವಾಗದಂತೆ ಬಿಡಿಸಬೇಕು. ಕಥೆಯ ದುರಂತ ಹೊರಗಿನ ಯಾವ ರಾಕ್ಷಸನಿಂದಲೂ ಬರುವುದಿಲ್ಲ. ನಾದಿನಿಯೂ ಅವಳ ಗೆಳತಿಯರೂ ಅವಸರದಲ್ಲಿ ಕೊಂಬೆ ಮುರಿಯುತ್ತಾರೆ, ನೀರನ್ನು ಹೇಗೆಂದರೆ ಹಾಗೆ ಸುರಿಯುತ್ತಾರೆ. ಹುಡುಗಿ ಅರೆದೇಹವಾಗಿ ಉಳಿಯುತ್ತಾಳೆ. ಶರತ್ತು ಮುರಿದದ್ದಕ್ಕೆ ತಕ್ಕ ಫಲ, ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಗುಣವಾಗುವುದೂ ಅದೇ ಲೆಕ್ಕದಲ್ಲಿ, ಮುರಿದದ್ದನ್ನು ಜೋಡಿಸಿ ನೀರೆರೆದಾಗ. (ಇದಕ್ಕಿಂತ ಬಿಗಿಯಾದ ಕಟ್ಟಡ ಯಾವ ಭಾಷೆಯ ಫ್ಯಾಂಟಸಿಯಲ್ಲಾದರೂ ಇದ್ದರೆ ಯಾರಾದರೂ ನನಗೆ ತೋರಿಸಲಿ!)

ಕಾರ್ನಾಡರ 'ಹಯವದನ' ನಾಟಕದಲ್ಲೂ ಇಂಥದೇ ಲೆಕ್ಕ. ದೇವದತ್ತ, ಕಪಿಲ ಎಂಬ ಗೆಳೆಯರ ತಲೆಗಳು ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಅಸಾಧ್ಯ ಸಂಗತಿ ಅದೊಂದೇ. ಮುಂದಿನದೆಲ್ಲ ಪ್ರಶ್ನೆಗಳ ಸರಪಳಿ. ಪದ್ಮಿನಿಯ ಗಂಡ ಯಾರು, ತಲೆಯೋ ಮೈಯೋ? ತಲೆಯೇ ಗಂಡ ಎಂಬ ತೀರ್ಪು ಸಿಕ್ಕ ಮೇಲೆ, ಪಂಡಿತನ ತಲೆ ಹೊತ್ತ ಪೈಲ್ವಾನನ ಮೈ ಎಷ್ಟು ದಿನ ಪೈಲ್ವಾನನಾಗಿಯೇ ಇದ್ದೀತು? ನಾಟಕದಲ್ಲಿ ಆ ಮೈ ನಿಧಾನಕ್ಕೆ ಮೆತ್ತಗಾಗುತ್ತದೆ. ಮನುಷ್ಯನ ಗುರುತು ಎಲ್ಲಿರುತ್ತದೆ ಎಂದು ಇಂದಿನ ವಿಜ್ಞಾನ ಕಥೆಗಾರರು ಕಂಪ್ಯೂಟರಿಗೆ ಮಿದುಳು ಜೋಡಿಸಿ ಕೇಳುತ್ತಾರೆ. ಕಾರ್ನಾಡರು ಬೇತಾಳನ ಹಳೆಯ ಕಥೆಯನ್ನು ಎತ್ತಿಕೊಂಡೇ ಕೇಳಿದರು.

ಬೆಳಕಿನ ಮಂದಗತಿ

ಈಗ ನನಗೆ ಅತಿ ಪ್ರಿಯವಾದ ವಿಷಯ. ಬಾಹ್ಯಾಕಾಶದ ಕಥೆ ಬರೆಯುವವರೆಲ್ಲ ಗುದ್ದಾಡಬೇಕಾದ ಗೋಡೆ ಒಂದಿದೆ: ಬೆಳಕು. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವ ಅದನ್ನು ಮಂದ ಎಂದರೆ ನಗುತ್ತೀರಿ. ನಗುವ ಮೊದಲು 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಪೀಣ್ಯದಲ್ಲಿ ನಡೆದದ್ದನ್ನು ಕೇಳಿ. ಮಂಗಳಯಾನ ಮಂಗಳನ ಕಕ್ಷೆಗೆ ಸೇರಬೇಕಿತ್ತು. ಅದಕ್ಕಾಗಿ ಅದರ ಎಂಜಿನ್ ಸುಮಾರು 24 ನಿಮಿಷ ಉರಿಯಬೇಕಿತ್ತು. ಆದರೆ ಅಂದಿನ ದೂರಕ್ಕೆ ಅಲ್ಲಿಂದ ಹೊರಟ ರೇಡಿಯೋ ಸಂಕೇತ ಇಲ್ಲಿಗೆ ತಲುಪಲು ಸುಮಾರು ಹನ್ನೆರಡೂವರೆ ನಿಮಿಷ ಬೇಕು. ಏನೋ ಎಡವಟ್ಟಾಯಿತೆಂದು ಇಲ್ಲಿ ತಿಳಿಯುವ ಹೊತ್ತಿಗೆ ಅಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಇಲ್ಲಿಂದ ಹೊರಟ ಆಜ್ಞೆ ಮುಟ್ಟುವಾಗ ಪೂರ್ತಿ ಮುಗಿದಿರುತ್ತದೆ. ಹಾಗಾಗಿ ಆಜ್ಞೆಗಳನ್ನೆಲ್ಲ ದಿನಗಳ ಮುಂಚೆಯೇ ನೌಕೆಯ ಕಂಪ್ಯೂಟರಿಗೆ ತುಂಬಿ, ಆ ಹೊತ್ತಿಗೆ ಅದು ತಾನೇ ನಿಭಾಯಿಸಲೆಂದು ಬಿಡಬೇಕಾಯಿತು. ಪೀಣ್ಯದ ವಿಜ್ಞಾನಿಗಳಿಗೆ ಉಳಿದ ಕೆಲಸ ಕಾಯುವುದು.

ಮಂಗಳ ನಮ್ಮ ಓಣಿಯವನು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, ಸುಮಾರು 4.2 ಬೆಳಕಿನ ವರ್ಷ ದೂರ. ಅಲ್ಲಿರುವ ಮಗನಿಗೆ "ಊಟ ಆಯ್ತಾ?" ಎಂದು ಕೇಳಿದರೆ "ಆಯ್ತಮ್ಮ" ಎಂಬ ಉತ್ತರ ಬರುವುದು ಎಂಟು ವರ್ಷ ದಾಟಿದ ಮೇಲೆ. ಇನ್ನು ಹೋಗಿ ಸೇರುವ ಮಾತು. 1977ರಲ್ಲಿ ಹೊರಟ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಸುಮಾರು 75 ಸಾವಿರ ವರ್ಷ ಬೇಕು. ಭಾಗಾಕಾರ ಬಲ್ಲ ಯಾರಾದರೂ ಇದನ್ನು ಹಾಳೆಯ ಮೇಲೆ ಹಾಕಿ ನೋಡಬಹುದು, ಹಾಕಿ ನೋಡಿ.

ಸಿನಿಮಾದವರು ಒಂದು ಗುಂಡಿ ಒತ್ತಿ ಈ ಗೋಡೆ ಹಾರುತ್ತಾರೆ. ಎಸ್.ಎಲ್. ಭೈರಪ್ಪನವರ 'ಯಾನ' (2014) ಹಾರುವುದಿಲ್ಲ, ಆದ್ದರಿಂದಲೇ ಆ ಕಾದಂಬರಿ ನನಗೆ ಇಷ್ಟ. ಸೌರಮಂಡಲದ ಆಚೆಗೆ ಹೊರಟವರು ಮರಳಿ ಬರುವಂತಿಲ್ಲ. ಯಾನ ಮುಂದುವರಿಯಬೇಕಾದರೆ ನೌಕೆಯಲ್ಲೇ ಮಕ್ಕಳು ಹುಟ್ಟಬೇಕು. ಹುಟ್ಟಿದ ಆಕಾಶ, ಮೇದಿನಿಯರಿಗೆ ಭೂಮಿಯೆಂದರೆ ಹಿರಿಯರು ಬರೆದಿಟ್ಟ ಬರಹ. ಅವರಿಗೆ ಮದುವೆಯೆಂದರೇನು, ಸಂಬಂಧವೆಂದರೇನು, ಪಾಪವೆಂದರೇನು? ಭೈರಪ್ಪನವರು ಬಾಳಿಡೀ ಕೇಳಿದ ಪ್ರಶ್ನೆಗಳೇ ಇವು. ಆದರೆ ಇಲ್ಲಿ ಅವು ದೂರ ಮತ್ತು ವೇಗದ ಲೆಕ್ಕದಿಂದ ಹುಟ್ಟಿ ಬಂದಿವೆ. ಭೌತಶಾಸ್ತ್ರ ಬಾಗಿಲು ಮುಚ್ಚಿದ ಕಡೆ ಕಾದಂಬರಿ ಶುರುವಾಗುತ್ತದೆ.

ಇನ್ನೊಂದು ಎಡವು: ಕಥೆಯನ್ನು ಶಾಸ್ತ್ರವೆಂದು ಓದುವುದು

"ಇದೆಲ್ಲ ನಮ್ಮ ಪುರಾಣದಲ್ಲೇ ಇತ್ತಲ್ಲ ಸಾರ್, ವಿಮಾನ ಕೂಡ ಇತ್ತು" ಎನ್ನುವವರು ಪ್ರತಿ ಕೂಟದಲ್ಲೂ ಒಬ್ಬರಿರುತ್ತಾರೆ. ಅವರಿಗೆ ನಾನು ಎಲೆಕ್ಟ್ರಾನಿಕ್ ಸಿಟಿಯ ಆಚೆಗಿರುವ ಆನೇಕಲ್ಲಿನ ಕಥೆ ಹೇಳುತ್ತೇನೆ. ಅಲ್ಲಿ ನೆಲೆಸಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ 'ವೈಮಾನಿಕ ಶಾಸ್ತ್ರ' ಎಂಬ ಸಂಸ್ಕೃತ ಗ್ರಂಥವನ್ನು ಹೇಳಿ ಬರೆಸಿದರು. ಭರದ್ವಾಜ ಮಹರ್ಷಿಗಳಿಂದ ತಮಗೆ ಒಲಿದು ಬಂದದ್ದೆಂದರು. ರುಕ್ಮ, ಸುಂದರ, ಶಕುನ, ತ್ರಿಪುರ ಎಂದು ವಿಮಾನಗಳ ಬಗೆಗಳು, ಅವಕ್ಕೆ ನಕ್ಷೆಗಳು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಸಂಶೋಧಕರು ಅದನ್ನು ಗೇಲಿ ಮಾಡದೆ, ಭಾಷೆ ಮತ್ತು ಭೌತಶಾಸ್ತ್ರ ಎರಡರ ಒರೆಗೂ ಹಚ್ಚಿ ನೋಡಿದರು. ಗ್ರಂಥ 20ನೆಯ ಶತಮಾನಕ್ಕಿಂತ ಹಳೆಯದಲ್ಲ, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವು ಎಂದು ತೀರ್ಮಾನಿಸಿದರು.

ನನಗೆ ಶಾಸ್ತ್ರಿಗಳ ಮೇಲೆ ಕೋಪವಿಲ್ಲ. ಲೋಹಗಳಿಗೆ, ಯಂತ್ರಗಳಿಗೆ, ವಿಮಾನದ ಬಗೆಗಳಿಗೆ ಅಷ್ಟೊಂದು ಹೆಸರು ಕಟ್ಟಿದ ಕಲ್ಪನೆ ಸಾಮಾನ್ಯದ್ದಲ್ಲ. ಅದನ್ನು ಕಾದಂಬರಿಯೆಂದು ಕರೆದಿದ್ದರೆ ಇಂದು ನಾವು ಅವರನ್ನು ಈ ಪ್ರಕಾರದ ಹಿರಿಯರೆಂದು ನೆನೆಯುತ್ತಿದ್ದೆವು. ಕಲ್ಪನೆಗೆ ಕಲ್ಪನೆಯ ಮರ್ಯಾದೆ ಸಾಕು. ಸುಳ್ಳು ಪ್ರಮಾಣಪತ್ರ ಕೊಟ್ಟರೆ ವಿಜ್ಞಾನಕ್ಕೂ ನಷ್ಟ, ಕಥೆಗೂ ನಷ್ಟ. ಇದೇ ವಸ್ತುವನ್ನು ಕಥೆಯಾಗಿಯೇ ಹೇಳಿದರೆ ಹೇಗಿರುತ್ತದೆಂದು ತಿಳಿಯಲು ಮನು ಅವರ 'ಮಹಾಸಂಪರ್ಕ' ಓದಿ. ಮಹಾಭಾರತಕ್ಕೂ ಅನ್ಯಲೋಕದವರಿಗೂ ನಂಟು ಕಲ್ಪಿಸಿದ ಆ ಕಾದಂಬರಿ ತಾನು ಕಾದಂಬರಿಯೆಂಬುದನ್ನು ಮುಚ್ಚಿಡುವುದಿಲ್ಲ.

ಕಥೆಯನ್ನು ಶಾಸ್ತ್ರವೆಂದು ಓದುವುದರ ತಮ್ಮನಂಥ ತಪ್ಪುಕಲ್ಪನೆ, ವಿಜ್ಞಾನ ಕಥೆ ಭವಿಷ್ಯ ಹೇಳುತ್ತದೆ ಎಂಬುದು. ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಸಂಪರ್ಕ ಉಪಗ್ರಹವನ್ನು ಮೊದಲೇ ಹೇಳಿದನಲ್ಲ ಎನ್ನುತ್ತಾರೆ. ಹೇಳಿದ್ದು ನಿಜ, ಆದರೆ ಕಥೆಯಲ್ಲಲ್ಲ. 1945ರ ಒಂದು ತಾಂತ್ರಿಕ ಲೇಖನದಲ್ಲಿ, ಕಕ್ಷೆಯ ಲೆಕ್ಕ ಸಮೇತ. ಮೂವತ್ತು ವರ್ಷದ ನಂತರ, 1975-76ರಲ್ಲಿ, ಅಂಥ ಕಕ್ಷೆಯಲ್ಲಿದ್ದ ಎಟಿಎಸ್-6 ಉಪಗ್ರಹ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಟಿವಿ ತೋರಿಸಿತು.

ನನ್ನ ಕಪಾಟಿನ ಮೇಲಿನ ಸಾಲು

ರಾಜಶೇಖರ ಭೂಸನೂರಮಠ: ವಿಜ್ಞಾನ ಕಥೆಯನ್ನೇ ಮುಖ್ಯ ಕಸುಬಾಗಿ ಹಿಡಿದ ಕನ್ನಡಿಗರು. 'ಮನ್ವಂತರ', 'ಆಪರೇಷನ್ ಯುಎಫ್‌ಒ' ಅವರ ಪುಸ್ತಕಗಳು. ಕನ್ನಡದಲ್ಲಿ ಸೈ-ಫೈ ಇಲ್ಲ ಎನ್ನುವವರ ಕೈಗೆ ಮೊದಲು ಇವರನ್ನೇ ಇಡಬೇಕು.

ಪೂರ್ಣಚಂದ್ರ ತೇಜಸ್ವಿ: 'ಕರ್ವಾಲೊ' (1980) ವಿಜ್ಞಾನ ಕಥೆಯೇ ಎಂದು ಕೇಳಿದರೆ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ಆ ಕಾದಂಬರಿಯವರು ಹುಡುಕಿ ಹೊರಡುವ ಹಾರುವ ಓತಿ ನಿಜವಾಗಿ ಇದೆಯೇ ಎಂದು ಹಲವರು ಕೇಳುತ್ತಾರೆ. ಇದೆ. ಪಶ್ಚಿಮ ಘಟ್ಟದ ಕಾಡು ತೋಟಗಳಲ್ಲಿ ಡ್ರಾಕೊ ಎಂಬ ಕುಲದ ಓತಿ ಇಂದಿಗೂ ಇದೆ. ಉದ್ದನೆಯ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ಕಣ್ಣೆದುರಿನ ಪ್ರಾಣಿಯನ್ನೇ ಮಹಾ ವಿಸ್ಮಯವಾಗಿಸಿದ್ದು ತೇಜಸ್ವಿಯ ಕೈಚಳಕ.

ಚಂದ್ರಶೇಖರ ಕಂಬಾರ: ಇವರ ಶಿವಾಪುರ ಯಾವ ನಕಾಶೆಯಲ್ಲೂ ಇಲ್ಲ; ಆದರೂ ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುವ ಊರು. ಟಾಲ್ಕಿನ್ ಕಟ್ಟಿದ ಲೋಕವನ್ನು ಕೊಂಡಾಡುವ ಹುಡುಗರು 'ಶಿಖರಸೂರ್ಯ' ಓದದೆ ಇರುವುದು ನನ್ನ ಹೊಟ್ಟೆಯುರಿ.

ಕೆ.ಎನ್. ಗಣೇಶಯ್ಯ: ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ವಿಜ್ಞಾನಿ. ಇತಿಹಾಸ, ಶಿಲ್ಪ, ಜೀವವಿಜ್ಞಾನಗಳನ್ನು ಹೆಣೆದು ರೋಮಾಂಚಕ ಕಥೆ ಬರೆಯುತ್ತಾರೆ. ಕಥೆಯ ಜೊತೆಗೇ ಆಧಾರಗಳನ್ನೂ ಕೊಡುವುದು ಇವರ ಪದ್ಧತಿ. ಎಲ್ಲಿಯವರೆಗೆ ದಾಖಲೆ, ಎಲ್ಲಿಂದ ಕಲ್ಪನೆ ಎಂದು ಓದುಗ ತಾನೇ ಗೆರೆ ಎಳೆದುಕೊಳ್ಳಬಹುದು. ಶಾಸ್ತ್ರ ಯಾವುದು, ಕಥೆ ಯಾವುದು ಎಂದು ಗೊಂದಲಗೊಳ್ಳುವವರಿಗೆ ಇದು ಒಳ್ಳೆಯ ತಾಲೀಮು.

ಕೊನೆಯದಾಗಿ

ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ ನಡೆಸಿದ್ದರು. ಶಿವರಾಮ ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ' ಬರೆದರು. ಅಷ್ಟು ಹಳೆಯ ವಿಜ್ಞಾನ ಬರವಣಿಗೆಯ ಬುನಾದಿ ಇರುವ ನುಡಿಯಲ್ಲಿ ವಿಜ್ಞಾನ ಕಥೆಯ ಸಾಲು ಇಷ್ಟು ಗಿಡ್ಡವಾಗಿರುವುದು ಸರಿಯಲ್ಲ. ಈ ಕಥೆಗಳನ್ನು ಕುರಿತ ಅಧ್ಯಯನ ಅದಕ್ಕಿಂತಲೂ ಕಡಿಮೆ. ವಾರಪತ್ರಿಕೆ, ಮಾಸಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಬಂದು ಪುಸ್ತಕವಾಗದೆ ಉಳಿದ ಕಥೆಗಳನ್ನು ಯಾರಾದರೂ ಹುಡುಕಿ ಒಂದೆಡೆ ಸೇರಿಸಬೇಕು. ಸಾಹಿತ್ಯದ ವಿದ್ಯಾರ್ಥಿಗಳೇ, ನಿಮ್ಮ ಸಂಶೋಧನೆಗೆ ವಿಷಯ ಇಲ್ಲಿದೆ.

ರಾಜಗೋಪಾಲನಗರದ ಓದುಗರಿಗೆ ಇನ್ನೊಂದು ಮಾತು. ಮೆಷಿನ್ನಿನ ಒಳಗುಟ್ಟು ಬಲ್ಲವರು ನೀವು, ಅಳತೆ ತಪ್ಪಿದರೆ ಏನಾಗುತ್ತದೆಂದು ಬಲ್ಲವರೂ ನೀವೇ. ಒಂದೇ ಒಂದು ಸುಳ್ಳನ್ನು ಆರಿಸಿಕೊಳ್ಳಿ, ಅದರ ಲೆಕ್ಕವನ್ನು ಕೊನೆಯವರೆಗೆ ಬಿಡದೆ ಹಾಕಿ, ಕನ್ನಡದಲ್ಲಿ ಬರೆಯಿರಿ. ಬರೆಯುವ ಮುಂಚೆ 'ಕರ್ವಾಲೊ' ಓದಿ. ಓದಿದ್ದರೆ ಇನ್ನೊಮ್ಮೆ ಓದಿ.