ಹಗಲು ಸ್ಟುಡಿಯೋ, ಸಂಜೆ ಸಂಬಳವಿಲ್ಲದ ಪಿಟೀಲು

ಯಾರಾದರೂ ಹೇಳಿದ್ದನ್ನೇ ಹೇಳಿ ತಲೆ ತಿಂದರೆ ‘ಸಾಕು ಮಾರಾಯ, ಪಿಟೀಲು ಕುಯ್ಯಬೇಡ’ ಅನ್ನುವುದು ವಾಡಿಕೆ. ಆದರೆ ನಿಜವಾಗಿ ಪಿಟೀಲು ಕುಯ್ದೇ ಹೊಟ್ಟೆ ಹೊರೆದವರ ಕಥೆ ಬಹಳ ಜನಕ್ಕೆ ಗೊತ್ತಿಲ್ಲ. ಅದರಲ್ಲೂ ಹಗಲೆಲ್ಲ ದುಡ್ಡಿಗೆ ಕುಯ್ದು, ಸಂಜೆ ಒಂದು ಕಾಸೂ ಸಿಗದ ಕಡೆ ಹೋಗಿ ಮತ್ತೆ ಕುಯ್ದವರ ಕಥೆ!

ಅಮಿತಾಭ್ ಬಚ್ಚನ್ ಕೋಟು ಹ್ಯಾಟು ಹಾಕಿಕೊಂಡು ದೊಡ್ಡ ಮೊಟ್ಟೆಯೊಳಗಿಂದ ಹೊರಗೆ ಬಂದು ತನ್ನ ಹೆಸರು ಹೇಳಿಕೊಳ್ಳುವ ಹಾಡನ್ನು ಕೇಳದವರು ಯಾರಿದ್ದಾರೆ? ಎಕ್ಸ್‌ಪ್ರೆಸ್ ಬಸ್ಸಿನ ಸ್ಪೀಕರಿನಲ್ಲೂ ಮದುವೆ ಮನೆಯ ಮೈಕಿನಲ್ಲೂ ಅದು ಬಂದೇ ಬರುತ್ತದೆ. 1977ರ ‘ಅಮರ್ ಅಕ್ಬರ್ ಅಂತೋನಿ’ ಚಿತ್ರದ್ದು. ಅದರಲ್ಲಿ ಬರುವ ಅಂತೋನಿ ಗೊನ್ಸಾಲ್ವಿಸ್ ಎಂಬ ಹೆಸರು ಮಾತ್ರ ಕಟ್ಟುಕಥೆಯದಲ್ಲ. ಆ ಹೆಸರಿನ ಮನುಷ್ಯ ನಿಜವಾಗಿ ಇದ್ದರು. ಗೋವೆಯ ಮಾಜೋರ್ಡಾ ಎಂಬ ಕಡಲತೀರದ ಹಳ್ಳಿಯಲ್ಲಿ 1927ರಲ್ಲಿ ಹುಟ್ಟಿದವರು, ಪಿಟೀಲು ವಾದಕರು. ಆ ಚಿತ್ರಕ್ಕೆ ಸಂಗೀತ ಕೊಟ್ಟ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯಲ್ಲಿ ಪ್ಯಾರೇಲಾಲ್ ಪಿಟೀಲು ಕಲಿತದ್ದು ಇವರ ಬಳಿ. ಶಿಷ್ಯ ಗುರುದಕ್ಷಿಣೆಯಾಗಿ ಗುರುವಿನ ಹೆಸರನ್ನೇ ಹಾಡಿನೊಳಗೆ ಸೇರಿಸಿಬಿಟ್ಟರು. ಹೆಸರು ಊರೂರು ಸುತ್ತಿತು. ಮನುಷ್ಯ ಹೇಗಿದ್ದಾರೆ ಅಂತ ನೋಡಿದವರು ಕಡಿಮೆ.

ಇಗರ್ಜಿಯಿಂದ ಧೋಬಿ ತಲಾವಿಗೆ

ಪೋರ್ಚುಗೀಸರ ಕಾಲದ ಗೋವೆಯಲ್ಲಿ ಇಗರ್ಜಿಗೆ ಸೇರಿದ ಸಂಗೀತ ಶಾಲೆಗಳಿದ್ದವು. ಪೂಜೆಯಲ್ಲಿ ಹಾಡಲು ಬಾಜಿಸಲು ಜನ ಬೇಕಲ್ಲ, ಅದಕ್ಕೆ ಹಳ್ಳಿಯ ಹುಡುಗರಿಗೆ ಐದು ಗೆರೆಯ ಮೇಲೆ ಬರೆದ ಸ್ವರ ಓದಲು ಕಲಿಸುತ್ತಿದ್ದರು. ಪಿಟೀಲನ್ನೂ ಕೈಗೆ ಕೊಡುತ್ತಿದ್ದರು. ಅಂತೋನಿಯವರ ತಂದೆಯೂ ಊರಿನ ಇಗರ್ಜಿಯಲ್ಲಿ ಹಾಡುಗಾರರಿಗೆ ಮೇಷ್ಟರು. ಹೀಗೆ ಕಲಿತ ಹುಡುಗರಿಗೆ ಊರಲ್ಲಿ ಕೆಲಸವೆಲ್ಲಿ? ಬೊಂಬಾಯಿಯ ದಾರಿ ಹಿಡಿದರು. ಧೋಬಿ ತಲಾವ್ ಆಸುಪಾಸಿನಲ್ಲಿ ಗೋವೆಯ ಒಂದೊಂದು ಊರಿನವರದೂ ಒಂದೊಂದು ‘ಕೂಡ್’ ಇರುತ್ತಿತ್ತು. ಕೂಡ್ ಎಂದರೆ ಊರಿನವರೇ ನಡೆಸುವ ಕ್ಲಬ್ಬು. ಟ್ರಂಕು ಇಡಲು ಜಾಗ, ಮಲಗಲು ಒಂದು ಚಾಪೆ, ಸಂಜೆ ಎಲ್ಲರೂ ಸೇರಿ ಪ್ರಾರ್ಥನೆ. ಕರಾವಳಿಯಿಂದ ಹೋಟೆಲು ಕೆಲಸಕ್ಕೆ ಬೊಂಬಾಯಿಗೆ ಹೋಗಿ ಬೆಂಚಿನ ಮೇಲೆ ಮಲಗಿದವರಿಗೆ ಈ ಬದುಕನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂತೋನಿ 1943ರಲ್ಲಿ ಸಂಗೀತ ನಿರ್ದೇಶಕ ನೌಷಾದ್ ಅವರ ತಂಡದಲ್ಲಿ ಪಿಟೀಲಿಗೆ ಕೂತರು. ಆಗಿನ ಹಿಂದಿ ಚಿತ್ರದ ನಿರ್ದೇಶಕರಿಗೆ ರಾಗ ಗೊತ್ತು, ಧಾಟಿ ಗೊತ್ತು. ಆದರೆ ನಲವತ್ತು ಐವತ್ತು ಜನ ಏಕಕಾಲಕ್ಕೆ ಬೇರೆಬೇರೆ ಸ್ವರ ನುಡಿಸಬೇಕಾದರೆ ಅದನ್ನು ಕಾಗದದ ಮೇಲೆ ಬರೆದು ಹಂಚಲು ಒಬ್ಬರು ಬೇಕು. ಆ ಕೆಲಸ ಗೋವೆಯವರ ಪಾಲಾಯಿತು. ಶಂಕರ್–ಜೈಕಿಶನ್ ಹಾಡುಗಳ ಹಿಂದೆ ಅಲೆ ಅಲೆಯಾಗಿ ಏಳುವ ಪಿಟೀಲುಗಳನ್ನು ಜೋಡಿಸಿ ಬರೆದವರು ಸೆಬಾಸ್ಟಿಯನ್ ಡಿಸೋಜಾ. ಚಿತ್ರದ ಟೈಟಲ್ಲಿನಲ್ಲಿ ಇಂಥವರ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬರೆದವರ ಗತಿಯೇ ಇದು ಅಂದ ಮೇಲೆ ನುಡಿಸಿದವರ ಹೆಸರು ಕೇಳುವವರು ಯಾರು? ಶಿಫ್ಟಿನ ಲೆಕ್ಕ, ಶಿಫ್ಟಿನ ದುಡ್ಡು, ಅಷ್ಟೇ.

ಇದು ಬೇರೆ ಚೇಂಬರ್

ಹಗಲು ಹೀಗೆ ಕಳೆದವರು ಸಂಜೆ ಪಿಟೀಲು ಪೆಟ್ಟಿಗೆ ಕಂಕುಳಲ್ಲಿ ಅವುಚಿಕೊಂಡು ಲೋಕಲ್ ರೈಲು ಹತ್ತುತ್ತಿದ್ದರು. ಮನೆಗಲ್ಲ, ಆರ್ಕೆಸ್ಟ್ರಾ ಪ್ರಾಕ್ಟೀಸಿಗೆ!

ಬೊಂಬಾಯಿಯಲ್ಲಿ 1935ರಲ್ಲಿ ಮೆಹ್ಲಿ ಮೆಹ್ತಾ ಎಂಬ ಪಾರ್ಸಿ ಪಿಟೀಲುವಾದಕರು ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಹೋಟೆಲ್ ಬ್ಯಾಂಡಿನಲ್ಲಿ ಬಾಜಿಸುವ ಗೋವೆಯವರು, ಹವ್ಯಾಸಕ್ಕೆ ನುಡಿಸುವ ಪಾರ್ಸಿಗಳು, ಊದುವ ವಾದ್ಯಕ್ಕೆ ನೌಕಾಪಡೆಯ ಬ್ಯಾಂಡಿನವರು, ಹೀಗೆ ಕೂಡಿಸಿ ಕಟ್ಟಿದ ತಂಡ. ಇವರ ಮಗನೇ ಜುಬಿನ್ ಮೆಹ್ತಾ. ಡಾಕ್ಟರಿಕೆ ಓದು ಬಿಟ್ಟು 1954ರಲ್ಲಿ ವಿಯೆನ್ನಾಕ್ಕೆ ಹೋಗಿ ಜಗತ್ತಿಗೇ ಹೆಸರಾದ ಜುಬಿನ್, ಚಿಕ್ಕಂದಿನಲ್ಲಿ ಕಿವಿ ತೆರೆದದ್ದು ಈ ಕೂಡಾವಳಿ ತಂಡದ ಪ್ರಾಕ್ಟೀಸಿನಲ್ಲಿ. ತಂದೆಯೂ 1950ರ ದಶಕದಲ್ಲಿ ದೇಶ ಬಿಟ್ಟರು. ಬಳಿಕ 1962ರಲ್ಲಿ ಬಾಂಬೆ ಚೇಂಬರ್ ಆರ್ಕೆಸ್ಟ್ರಾ ಶುರುವಾಯಿತು.

ಚೇಂಬರ್ ಅಂದ ಕೂಡಲೇ ಅಂಗಡಿಯವರಿಗೆ ಚೇಂಬರ್ ಆಫ್ ಕಾಮರ್ಸ್ ನೆನಪಾಗಬಹುದು. ಇದು ಅದಲ್ಲ. ಚೇಂಬರ್ ಅಂದರೆ ಕೋಣೆ. ದೊಡ್ಡ ಸಿಂಫನಿಗೆ ನೂರರ ತನಕ ಜನ ಬೇಕಾದರೆ ಇದಕ್ಕೆ ಇಪ್ಪತ್ತು ಮೂವತ್ತು ಮಂದಿ ಸಾಕು. ಹೆಚ್ಚಿನವರು ಪಿಟೀಲು ಮತ್ತು ಅದರ ಅಣ್ಣತಮ್ಮಂದಿರಾದ ವಿಯೋಲಾ, ಚೆಲ್ಲೊ ನುಡಿಸುವವರು. ಇನ್ನು ಕಂಡಕ್ಟರ್ ಒಬ್ಬರಿರುತ್ತಾರೆ, ಟಿಕೆಟ್ ಕೊಡುವುದಿಲ್ಲ. ಆದರೂ ಕೆಲಸ ಸುಮಾರು ಅದೇ: ಎಲ್ಲಿ ಹೊರಡಬೇಕು, ಎಲ್ಲಿ ನಿಲ್ಲಬೇಕು, ಯಾರು ತಡೆಯಬೇಕು ಅಂತ ಕೈಯಲ್ಲೇ ಹೇಳುವುದು. ಸೀಟಿ ಒಂದು ಇಲ್ಲ.

ಇಂಥ ಹವ್ಯಾಸಿ ತಂಡದಲ್ಲಿ ಪಿಟೀಲಿನವನ ಪಾಡೇನು? ಇಬ್ಬರಿಗೆ ಒಂದೇ ಸ್ಟ್ಯಾಂಡು, ಒಂದೇ ಹಾಳೆ. ಸಭೆಯ ಕಡೆ ಕೂತವನು ನುಡಿಸುತ್ತಲೇ ಇರುತ್ತಾನೆ, ಒಳಗಡೆ ಕೂತವನು ಅರ್ಧಕ್ಕೆ ಬಿಟ್ಟು ಪುಟ ತಿರುಗಿಸಬೇಕು. ಕಮಾನು ಎಲ್ಲಿ ಮೇಲೆ, ಎಲ್ಲಿ ಕೆಳಗೆ ಅಂತ ಮೊದಲ ಸ್ಟ್ಯಾಂಡಿನ ಮುಖಂಡ ತೀರ್ಮಾನ ಮಾಡುತ್ತಾನೆ. ಉಳಿದವರು ಅದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಬೇಕು. ಪೆನ್ನು ಕೂಡದು, ಮುಂದಿನ ವಾರ ಮುಖಂಡನ ಮನಸ್ಸು ಬದಲಾದರೆ ಅಳಿಸಬೇಕಲ್ಲ! ಹತ್ತು ಕಮಾನುಗಳು ಒಂದೇ ದಿಕ್ಕಿಗೆ ಹೋಗುವಾಗ ಒಂದು ಮಾತ್ರ ಎದುರು ದಿಕ್ಕಿಗೆ ಹೋದರೆ, ಪೆರೇಡಿನಲ್ಲಿ ತಪ್ಪು ಕಾಲು ಹಾಕಿದವನ ಹಾಗೆ ಸಭೆಯ ಕೊನೆಯವನಿಗೂ ಕಾಣುತ್ತದೆ.

ನುಡಿಸುವುದಕ್ಕಿಂತ ಕಷ್ಟದ್ದು ಸುಮ್ಮನಿರುವುದು. ಹಾಳೆಯಲ್ಲಿ ಖಾಲಿ ಮಾತ್ರೆಗಳು ಬರುತ್ತವೆ. ಒಂದೆರಡಲ್ಲ, ಕೆಲವೊಮ್ಮೆ ಪುಟದ ಕಾಲುಭಾಗ. ಎಣಿಸುತ್ತ ಕೂರಬೇಕು. ಲೆಕ್ಕ ತಪ್ಪಿ ಆ ಮೌನದಲ್ಲಿ ಒಬ್ಬ ಕಮಾನು ಎಳೆದನೋ, ಕಥೆ ಮುಗಿಯಿತು. ಎರಡನೇ ಪಿಟೀಲಿನ ಗುಂಪಿನವರಿಗೆ ಇನ್ನೊಂದು ಕೊರಗು. ಹಾಡಿನ ಧಾಟಿಯೆಲ್ಲ ಒಂದನೇ ಗುಂಪಿಗೆ ಹೋಗುತ್ತದೆ, ಇವರಿಗೆ ಬರುವುದು ಅದಕ್ಕೆ ಅಡಿಗಲ್ಲು. ಕೇಳುವವರಿಗೆ ಇವರು ಇದ್ದದ್ದು ಗೊತ್ತಾಗುವುದಿಲ್ಲ, ಇಲ್ಲದಿದ್ದರೆ ಮಾತ್ರ ಏನೋ ಬೋಳು ಬೋಳು.

ಇಲ್ಲಿ ನಮ್ಮವರ ಪಿಟೀಲಿನ ನೆನಪು ಬಾರದೆ ಇರುವುದಿಲ್ಲ. ತಿರುಮಕೂಡಲಿನ ಟಿ. ಚೌಡಯ್ಯನವರು (1895–1967) ನಾಲ್ಕು ತಂತಿ ಸಾಲದೆಂದು ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಸಿಕೊಂಡರು. ಸಭೆಯ ಹಿಂದೆ ಕೂತವರಿಗೂ ಗಟ್ಟಿಯಾಗಿ ಕೇಳಲಿ ಎಂದು. ಬೆಂಗಳೂರಿನವರು 1980ರಲ್ಲಿ ಅವರ ಹೆಸರಿಗೆ ಪಿಟೀಲಿನ ಆಕಾರದ ಭವನವನ್ನೇ ಕಟ್ಟಿದರು. ಅಲ್ಲಿ ಒಬ್ಬ ವಾದಕ ತನ್ನ ದನಿ ಕೇಳಲಿ ಎಂದು ತಂತಿ ಹೆಚ್ಚಿಸಿದ. ಇಲ್ಲಿ ತನ್ನ ದನಿ ಬೇರೆಯಾಗಿ ಕೇಳದಿರಲಿ ಎಂದು ಪಕ್ಕದವನ ಜೊತೆ ಬೆರೆಸುವುದೇ ವಿದ್ಯೆ. ಎರಡೂ ಪಿಟೀಲೇ, ಮರವೂ ಒಂದೇ.

ಮೈಕೈ ನೋವು ಬೇರೆ. ಗದ್ದದ ಕೆಳಗೆ ಎಡಗಡೆ ಪಿಟೀಲು ಒತ್ತಿ ಒತ್ತಿ ಕಪ್ಪು ಗುರುತು ಬೀಳುತ್ತದೆ. ಮಳೆಗಾಲ ಬಂತೆಂದರೆ ಬೊಂಬಾಯಿಯ ತೇವಕ್ಕೆ ಬಿರಡೆ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಕಮಾನಿನ ಕುದುರೆ ಕೂದಲು ಜೋಲುತ್ತದೆ, ಅಂಟು ಬಿಟ್ಟು ಪಿಟೀಲಿನ ಅಂಚು ಬಾಯಿ ತೆರೆಯುತ್ತದೆ. ಕರಾವಳಿಯಲ್ಲಿ ಮಳೆಗಾಲದಲ್ಲಿ ಬೀರುವಿನ ಬಾಗಿಲು ಎಳೆದು ಸುಸ್ತಾದವರಿಗೆ ಇದು ಅರ್ಥವಾದೀತು. ರಿಪೇರಿ ಖರ್ಚು ವಾದಕನದೇ, ತಂತಿ ಖರ್ಚೂ ವಾದಕನದೇ.

ದೀಪ ಆರಿಸಿ ಎದ್ದವರು

ಹಾಗಾದರೆ ಯಾಕೆ ಹೋಗುತ್ತಿದ್ದರು? ಸ್ಟುಡಿಯೋದಲ್ಲಿ ಹಾಡಿನ ನಡುವೆ ಅರ್ಧ ನಿಮಿಷ ನುಡಿಸಿ ಕೆಳಗಿಡಬೇಕು. ಸಂಜೆಯಾದರೆ ಮೊಜಾರ್ಟನ ಕೃತಿ ಇಡಿಯಾಗಿ, ಮೊದಲಿಂದ ಕೊನೆಯತನಕ. ಹಗಲು ತುಣುಕು ತಿಂದವರಿಗೆ ಸಂಜೆ ಪೂರ್ತಿ ಊಟ. ಕೆಲವೊಮ್ಮೆ ಎರಡೂ ಬೆರೆಯುತ್ತಿದ್ದವು ಕೂಡ. 1961ರ ‘ಛಾಯಾ’ ಚಿತ್ರದಲ್ಲಿ ತಲತ್ ಮೆಹಮೂದ್ ಮತ್ತು ಲತಾ ಹಾಡಿದ ಯುಗಳಗೀತೆಗೆ ಸಲೀಲ್ ಚೌಧರಿ ಬಳಸಿದ್ದು ಮೊಜಾರ್ಟ್ 1788ರಲ್ಲಿ ಬರೆದ 40ನೇ ಸಿಂಫನಿಯ ಧಾಟಿಯನ್ನೇ.

ಅಂತೋನಿ ಗೊನ್ಸಾಲ್ವಿಸ್ ಒಂದು ಹೆಜ್ಜೆ ಮುಂದೆ ಹೋದರು. 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಎಂದು ತಮ್ಮದೇ ತಂಡ ಕಟ್ಟಿ, ರಾಗಗಳನ್ನು ಪಾಶ್ಚಾತ್ಯ ಕ್ರಮದಲ್ಲಿ ಬರೆದು, ಲತಾ ಮಂಗೇಶ್ಕರ್ ಮತ್ತು ಮನ್ನಾ ಡೇ ಅವರನ್ನು ಹಾಡಲು ಕರೆತಂದರು. ಆದರೆ ಅದು ಹೆಚ್ಚು ಕಾಲ ನಡೆಯಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೋದರು. ವಾಪಸು ಬಂದವರು ಮಾಜೋರ್ಡಾದಲ್ಲಿ ಸದ್ದಿಲ್ಲದೆ ಇದ್ದುಬಿಟ್ಟರು. 2012ರ ಜನವರಿಯಲ್ಲಿ ತೀರಿಕೊಂಡರು. ಶಿಷ್ಯ ಪ್ಯಾರೇಲಾಲರಿಗೆ 2024ರಲ್ಲಿ ಪದ್ಮಭೂಷಣ ಬಂತು.

ಕೂಲಿಗೆ ಪಿಟೀಲು ನುಡಿಸುವವರ ಬವಣೆ ಹೊಸದೇನಲ್ಲ. 1772ರಲ್ಲಿ ಹಂಗೆರಿಯ ಒಬ್ಬ ರಾಜಕುಮಾರ ಬೇಸಿಗೆ ಅರಮನೆಯಲ್ಲಿ ವಾದ್ಯದವರನ್ನು ಇಟ್ಟುಕೊಂಡು ಊರಿಗೆ ಬಿಡಲೇ ಇಲ್ಲ. ಹೆಂಡಿರು ಮಕ್ಕಳು ಬೇರೆ ಊರಲ್ಲಿ. ಅವರ ಮೇಷ್ಟರು ಹೈಡನ್ ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಒಂದು ಸಿಂಫನಿ ಬರೆದರು. ಕೊನೆಯ ಭಾಗದಲ್ಲಿ ಒಬ್ಬೊಬ್ಬರೇ ನುಡಿಸುವುದು ಮುಗಿಸಿ, ಎದುರಿನ ಮೇಣದ ದೀಪ ಆರಿಸಿ ಎದ್ದು ಹೋಗುತ್ತಾರೆ. ಕೊನೆಗೆ ಉಳಿಯುವುದು ಎರಡು ಪಿಟೀಲು. ರಾಜಕುಮಾರನಿಗೆ ತಿಳಿಯಿತು, ಮಾರನೇ ದಿನವೇ ಮೂಟೆ ಕಟ್ಟಲು ಅಪ್ಪಣೆಯಾಯಿತಂತೆ. ಅರ್ಜಿ ಗುಮಾಸ್ತರ ಮೇಜಿನ ಮೇಲೆ ಕೊಳೆಯುವ ನಮ್ಮ ಕಾಲದಲ್ಲಿ ಈ ಉಪಾಯ ಫಲಿಸೀತೇ, ಹೇಳಲಾಗದು!

ಬೊಂಬಾಯಿಯಲ್ಲಿ ದೀಪ ಆರಿದ್ದು ಬೇರೆ ರೀತಿ. 1980ರ ದಶಕದ ಕೊನೆಗೆ ಸಿಂಥಸೈಸರ್ ಎಂಬ ಯಂತ್ರ ಬಂತು. ಒಂದು ಕೀ ಒತ್ತಿದರೆ ಇಪ್ಪತ್ತು ಪಿಟೀಲಿನ ಸದ್ದು. ಜೊತೆಗೆ ಒಂದೊಂದೇ ವಾದ್ಯವನ್ನು ಬೇರೆಬೇರೆ ಹೊತ್ತಿನಲ್ಲಿ ಮುದ್ರಿಸಿ ಕೂಡಿಸುವ ಅನುಕೂಲವೂ ಆಯಿತು. ನಿರ್ಮಾಪಕರಿಗೆ ಲಾಭ, ಇಲ್ಲ ಅನ್ನುವುದು ಹೇಗೆ? ಆದರೆ ಸಾಲಿಗೆ ಸಾಲೇ ಖಾಲಿಯಾಯಿತು. ಮದರಾಸಿನ ಸ್ಟುಡಿಯೋಗಳಲ್ಲೂ ಇದೇ ಪಾಡು. ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶರ ಕಾಲದ ಕನ್ನಡ ಹಾಡುಗಳ ಹಿಂದೆ ಕೇಳುವ ಪಿಟೀಲಿನ ಸಾಲು ಬಹುಪಾಲು ಅಲ್ಲಿಯವರದು.

ಸ್ಟುಡಿಯೋ ಕೆಲಸ ಹೋದದ್ದರಿಂದ ಸಂಜೆಯ ಪುಕ್ಕಟೆ ಆರ್ಕೆಸ್ಟ್ರಾಗೆ ಏನಾಗಬೇಕು ಅಂತೀರಾ? ದಿನವಿಡೀ ನುಡಿಸಿ ಕೈ ಪಳಗಿದವರು ಆ ಸಾಲಿನಿಂದಲೇ ಬರುತ್ತಿದ್ದರು. ಸಂಬಳದ ಕುರ್ಚಿ ಹೋಯಿತು, ಅದರ ಬೆನ್ನಿಗೆ ಸಂಬಳವಿಲ್ಲದ ಕುರ್ಚಿಯೂ ಖಾಲಿ. ಮಗನಿಗೆ ಪಿಟೀಲು ಕಲಿಸುವ ಧೈರ್ಯ ಯಾವ ಅಪ್ಪನಿಗಿದೆ? 2006ರಲ್ಲಿ ನಾರಿಮನ್ ಪಾಯಿಂಟಿನ ಎನ್‌ಸಿಪಿಎ ಸಂಸ್ಥೆ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಶುರುಮಾಡಿದಾಗ, ಸಂಬಳ ಕೊಡುವ ತಂಡ ಬಂತು ನಿಜ, ಆದರೆ ಕುರ್ಚಿ ತುಂಬಿಸಲು ಕಜಕಿಸ್ತಾನದಿಂದ, ಇತರ ದೇಶಗಳಿಂದ ವಾದಕರನ್ನು ಕರೆಸಬೇಕಾಯಿತು. ಧೋಬಿ ತಲಾವಿನಿಂದ ನಾರಿಮನ್ ಪಾಯಿಂಟಿಗೆ ಎಷ್ಟು ದೂರ? ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಸ್ಟಾಪು ಬರುತ್ತದೆ.

ಗೋವೆಯಲ್ಲಿ ಮಾತ್ರ ಒಂದು ಪ್ರಯತ್ನ ನಡೆದಿದೆ. ಇಂಗ್ಲೆಂಡಿನಲ್ಲಿ ವೈದ್ಯರಾಗಿದ್ದು ಊರಿಗೆ ಮರಳಿದ ಲೂಯಿಸ್ ಡಯಸ್, ತಾವೂ ಪಿಟೀಲು ನುಡಿಸುವವರು, 2009ರಲ್ಲಿ ಚೈಲ್ಡ್ಸ್ ಪ್ಲೇ ಎಂಬ ಸಂಸ್ಥೆ ಕಟ್ಟಿ ಬಡ ಮಕ್ಕಳಿಗೆ ಪಣಜಿಯಲ್ಲಿ ಪಿಟೀಲು ಪಾಠ ಆರಂಭಿಸಿದರು. ಇಗರ್ಜಿಯ ಶಾಲೆಗಳು ಮಾಡುತ್ತಿದ್ದ ಕೆಲಸವೇ. ಪಿಟೀಲಿನಲ್ಲೂ ಅಳತೆಗಳಿವೆ: ಅರ್ಧ, ಕಾಲು, ಎಂಟರಲ್ಲಿ ಒಂದು. ಮಗು ಬೆಳೆದ ಹಾಗೆ ದೊಡ್ಡದು ಹುಡುಕಬೇಕು, ಚಿಕ್ಕದನ್ನು ಒರೆಸಿ ತಂತಿ ಬದಲಿಸಿ ಮುಂದಿನ ಮಗುವಿಗೆ ಕೊಡುತ್ತಾರೆ, ಅಣ್ಣನ ಶಾಲೆಯ ಪುಸ್ತಕ ತಮ್ಮನಿಗೆ ಬರುವ ಹಾಗೆ.